ಭಾನುವಾರದ ಮಾತ್ರೆ ಮತ್ತು 2019ರ ಎಕ್ಸ್‌ರೇ

ಆ ದಿನ ಅಕ್ಕ ಅಂಗಡಿಗೆ ಬಂದದ್ದು ಬರೀ ಫೋಲಿಕ್ ಆಸಿಡ್ ಮಾತ್ರೆಗೆ. ಒಂದು ಸ್ಟ್ರಿಪ್ ತೆಗೆದುಕೊಂಡು, ಚಿಲ್ಲರೆ ಎಣಿಸಿಕೊಟ್ಟು, "ಬರುತ್ತೇನೆ ತಂಗಿ" ಎಂದು ಮೆಟ್ಟಿಲಿಳಿದರು. ಮೂರು ಮೆಟ್ಟಿಲು ಇಳಿಯುವಷ್ಟರಲ್ಲಿ ಎರಡು ಸಲ ಕೆಮ್ಮಿದರು. ನನಗೇಕೋ ಸಮಾಧಾನವಾಗಲಿಲ್ಲ. ಹಿಂದಿನ ಬಿಲ್ಲುಗಳನ್ನು ತಿರುವಿ ನೋಡಿದೆ. ಆಗಸ್ಟ್‌ನಿಂದ ಅಕ್ಟೋಬರ್ ಕೊನೆಯವರೆಗೆ ಫೋಲಿಕ್ ಆಸಿಡ್ ಮೂರು ಬಾರಿ ಹೋಗಿದೆ, ಅವರ ಸಂಧಿವಾತದ ಮುಖ್ಯ ಮದ್ದಾದ ಮೆಥೋಟ್ರೆಕ್ಸೇಟ್ ಒಮ್ಮೆಯೂ ಹೋಗಿಲ್ಲ. ಸಂಧಿವಾತದವರಿಗೆ ಫೋಲಿಕ್ ಆಸಿಡ್ ಕೊಡುವುದೇ ಮೆಥೋಟ್ರೆಕ್ಸೇಟ್‌ನ ಅಡ್ಡ ಪರಿಣಾಮ ತಗ್ಗಿಸಲು. ಮದ್ದನ್ನು ಬಿಟ್ಟು ಅದರ ಕಾವಲಿನ ಮಾತ್ರೆಯನ್ನಷ್ಟೇ ನುಂಗುತ್ತಿದ್ದಾರೆ ಎಂದರೆ ಎಲ್ಲೋ ಏನೋ ನಡೆದಿದೆ.

ಇದು 2024ರ ಮಾತು. ಉಡುಪಿಯಿಂದ ಕಾಪುವಿನ ಕಡೆಗೆ ಹೋಗುವ ಹೆದ್ದಾರಿಯ ಬದಿಯ ಪೇಟೆಯಲ್ಲಿ ನನ್ನ ಔಷಧದ ಅಂಗಡಿ ಇದೆ. ಇಪ್ಪತ್ತೆರಡು ವರ್ಷಗಳಿಂದ ಅಲ್ಲಿ ಫಾರ್ಮಸಿಸ್ಟ್ ಆಗಿ ನಿಂತಿದ್ದೇನೆ. ಅಕ್ಕ ಒಪ್ಪಿಗೆ ಕೊಟ್ಟಿದ್ದರಿಂದ ಅವರ ಪ್ರಕರಣವನ್ನು ಪೂರ್ತಿಯಾಗಿ ಬರೆಯುತ್ತಿದ್ದೇನೆ. ಗುರುತು ಹತ್ತುವ ವಿವರಗಳನ್ನು ಬಿಟ್ಟಿದ್ದೇನೆ. ಊರಿನವರೆಲ್ಲ ಅವರನ್ನು ಅಕ್ಕ ಎಂದೇ ಕರೆಯುವುದರಿಂದ ಬೇರೆ ಹೆಸರು ಹುಡುಕುವ ಅಗತ್ಯವೂ ಇಲ್ಲ.

ಬೆರಳುಗಳ ಕಥೆ

ಅಕ್ಕನಿಗೆ ಆಗ 57 ವರ್ಷ, ತೂಕ 48 ಕಿಲೊ. ಹದಿನಾರನೇ ವಯಸ್ಸಿನಿಂದ ಬೀಡಿ ಕಟ್ಟಿದವರು. ತುಳುವಿನಲ್ಲಿ ತಡ್ಪೆ ಎನ್ನುವ ಮೊರವನ್ನು ಮಡಿಲಲ್ಲಿಟ್ಟುಕೊಂಡು, ನೆನೆಸಿದ ಎಲೆಯನ್ನು ಅಳತೆಗೆ ಕತ್ತರಿಸಿ, ಹೊಗೆಸೊಪ್ಪಿನ ಪುಡಿ ಹರಡಿ, ಸುರುಟಿ, ತುದಿ ಮಡಚಿ, ನೂಲು ಸುತ್ತುವ ಕೆಲಸ. ಲೆಕ್ಕ ಸಾವಿರಕ್ಕೆ ಇಷ್ಟು ಎಂದು. ದಕ್ಷಿಣ ಕನ್ನಡ, ಉಡುಪಿಯಲ್ಲಿ ಎಷ್ಟೋ ಮನೆಗಳ ಮಕ್ಕಳ ಫೀಸು ಈ ಮೊರದಿಂದಲೇ ಬಂದದ್ದು. ಅಕ್ಕ ಬೀಡಿ ಸೇದಿದವರಲ್ಲ. ಗಂಡ ಮನೆಯೊಳಗೇ ಕೂತು ಸೇದುತ್ತಿದ್ದರು. ಬಚ್ಚಲ ಒಲೆಗೆ ತೆಂಗಿನ ಗರಿ, ಸಿಪ್ಪೆ ಒಟ್ಟಿ ನೀರು ಕಾಯಿಸುವುದು ಮಾತ್ರ ಈಗಲೂ ನಡೆದಿತ್ತು.

2020ರ ಕೊನೆಯಲ್ಲಿ ಬೆಳಿಗ್ಗೆ ಎದ್ದಾಗ ಬೆರಳು ಮಡಚಲು ಬಾರದಂತಾಯಿತು. ಒಂದೂವರೆ ಗಂಟೆ ಬಿಸಿನೀರಲ್ಲಿ ಅದ್ದಿಟ್ಟರೂ ಬಿಗಿತ ಬಿಡುತ್ತಿರಲಿಲ್ಲ. ಎರಡೂ ಕೈಗಳ ಗೆಣ್ಣುಗಳು ಊದಿಕೊಂಡವು. ವಯಸ್ಸಾದಂತೆ ಬರುವ ಕೀಲು ಸವೆತಕ್ಕೂ ಇದಕ್ಕೂ ವ್ಯತ್ಯಾಸ ತಿಳಿಯುವುದು ಇಲ್ಲಿಯೇ. ಸವೆತದ ನೋವು ಕೆಲಸ ಮಾಡಿದಷ್ಟೂ ಹೆಚ್ಚುತ್ತದೆ, ಬೆಳಗಿನ ಬಿಗಿತ ಸ್ವಲ್ಪ ಹೊತ್ತಿಗೆ ಬಿಡುತ್ತದೆ. ರುಮಟಾಯ್ಡ್ ಸಂಧಿವಾತದಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ತನ್ನ ಕೀಲುಗಳ ಮೇಲೆ ತಿರುಗಿಬೀಳುತ್ತದೆ. ರಕ್ತಪರೀಕ್ಷೆಯಲ್ಲಿ ಈ ಕಾಯಿಲೆಯ ಸುಳಿವು ಕೊಡುವ ರುಮಟಾಯ್ಡ್ ಫ್ಯಾಕ್ಟರ್, ಆ್ಯಂಟಿ ಸಿಸಿಪಿ ಎರಡೂ ಬಹಳ ಹೆಚ್ಚಿದ್ದವು.

2021ರ ಆರಂಭದಲ್ಲಿ ಒಂದು ಕ್ಲಿನಿಕ್‌ನಲ್ಲಿ ಮೆಥೋಟ್ರೆಕ್ಸೇಟ್ ಶುರುವಾಯಿತು. ವಾರಕ್ಕೊಮ್ಮೆ 10 ಮಿಲಿಗ್ರಾಂ, ಆಮೇಲೆ 15. ಜತೆಗೆ ಫೋಲಿಕ್ ಆಸಿಡ್, ದಿನಕ್ಕೆ 200 ಮಿಲಿಗ್ರಾಂ ಹೈಡ್ರಾಕ್ಸಿಕ್ಲೋರೋಕ್ವಿನ್, ಕೆಲವು ತಿಂಗಳು ಸ್ವಲ್ಪ ಸ್ಟೀರಾಯ್ಡ್. ಮೆಥೋಟ್ರೆಕ್ಸೇಟ್ ವಾರಕ್ಕೊಮ್ಮೆಯ ಮಾತ್ರೆ. ತಪ್ಪಿ ದಿನಾ ನುಂಗಿದರೆ ಮಜ್ಜೆ ಸೋತು ಜೀವಕ್ಕೇ ಕುತ್ತು. ಅದಕ್ಕೆ ನಾನು ಪ್ರತಿ ಸ್ಟ್ರಿಪ್‌ನ ಮೇಲೂ ಕೆಂಪು ಪೆನ್ನಿನಲ್ಲಿ 'ಭಾನುವಾರ' ಎಂದು ಬರೆದುಕೊಡುತ್ತಿದ್ದೆ. ನಾಲ್ಕು ತಿಂಗಳಲ್ಲಿ ಬೆರಳು ಮಡಚಲು ಬಂದವು. ಅಕ್ಕ ಮತ್ತೆ ಮೊರ ಹಿಡಿದರು.

ಆ ಕ್ಲಿನಿಕ್‌ನಲ್ಲಿ ಯಕೃತ್ತಿನ ಪರೀಕ್ಷೆ ಮಾಡಿಸಿದ್ದರು, ರಕ್ತಕಣ ಎಣಿಸಿದ್ದರು. ಎದೆಯ ಎಕ್ಸ್‌ರೇ ಒಂದನ್ನು ಮಾಡಿಸಿರಲಿಲ್ಲ. ಮೂರು ವರ್ಷ ಆ ಚೀಟಿಗೆ ಮದ್ದು ಕೊಟ್ಟ ನಾನೂ ಕೇಳಿರಲಿಲ್ಲ. ಈ ಪ್ರಕರಣದ ಗಂಟು ಇರುವುದು ಇಲ್ಲಿ.

"ಉಸಿರಾದರೂ ಇರಲಿ"

ಮರುದಿನ ಸಂಜೆ ನಾನೇ ಅವರ ಮನೆಗೆ ಹೋದೆ. ಜಗಲಿಯಲ್ಲಿ ಮೊರ ಖಾಲಿ ಬಿದ್ದಿತ್ತು. ಅಕ್ಕ ಚಹಾದ ಲೋಟವನ್ನು ಎರಡೂ ಅಂಗೈಗಳ ನಡುವೆ ಒತ್ತಿ ಹಿಡಿದಿದ್ದರು, ಬೆರಳು ಬಳಸಿಯೇ ಇರಲಿಲ್ಲ.

"ಅಕ್ಕ, ಭಾನುವಾರದ ಮಾತ್ರೆ ಬೇರೆ ಅಂಗಡಿಯಿಂದ ತರುತ್ತಿದ್ದೀರಾ?"

"ಮನೆಯಲ್ಲಿ ಉಂಟು ತಂಗಿ."

"ತೋರಿಸಿ ನೋಡುವ."

ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು. "ಅದು ಕ್ಯಾನ್ಸರಿನ ಮದ್ದಂತೆ. ನನ್ನ ಅಕ್ಕನ ಮಗಳು ಮೊಬೈಲಿನಲ್ಲಿ ನೋಡಿ ಹೇಳಿದಳು. ಅದನ್ನು ತಿಂದರೆ ಶ್ವಾಸಕೋಶ ಒಣಗಿಹೋಗುತ್ತದಂತೆ. ಮಳೆಗಾಲ ಶುರುವಾದಾಗಿನಿಂದ ಕೆಮ್ಮು ಬಿಟ್ಟಿಲ್ಲ. ಬಾವಿಯಿಂದ ಒಂದು ಕೊಡ ನೀರು ತಂದರೆ ಕೂತುಬಿಡಬೇಕು. ಬೆರಳು ಹೋದರೆ ಹೋಗಲಿ, ಉಸಿರಾದರೂ ಇರಲಿ ಎಂದು ಬಿಟ್ಟುಬಿಟ್ಟೆ."

ಈ ಮಾತನ್ನು ತಿಳಿವಳಿಕೆಯಿಲ್ಲದವರ ಮಾತು ಎಂದು ತಳ್ಳಿಹಾಕುವ ಮನಸ್ಸು ನನಗಿಲ್ಲ. ಕೆಮ್ಮು ನಿಜ, ಏದುಸಿರು ನಿಜ, ಆ ಮಾತ್ರೆಯ ಪೊಟ್ಟಣದೊಳಗಿನ ಕಾಗದದಲ್ಲಿ ಶ್ವಾಸಕೋಶದ ಎಚ್ಚರಿಕೆ ಇರುವುದೂ ನಿಜ. ಮೆಥೋಟ್ರೆಕ್ಸೇಟ್ ಕ್ಯಾನ್ಸರಿಗೂ ಬಳಸುವ ಔಷಧವೇ, ಆದರೆ ಅಲ್ಲಿನ ಪ್ರಮಾಣ ಹಲವು ಪಟ್ಟು ಹೆಚ್ಚು. ಸಂಧಿವಾತಕ್ಕೆ ಕಡಿಮೆ ಪ್ರಮಾಣದಲ್ಲಿ ಕೊಡಲು ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 1988ರಲ್ಲಿ. ಅಂದಿನಿಂದ ಈ ಕಾಯಿಲೆಯ ಚಿಕಿತ್ಸೆಗೆ ಅದೇ ಬುನಾದಿ. ಇದನ್ನು ಮಾತ್ರೆ ಬರೆದುಕೊಟ್ಟ ದಿನವೇ ಯಾರಾದರೂ ಐದು ನಿಮಿಷ ಕೂತು ಹೇಳಿದ್ದರೆ ಅಕ್ಕ ಮೊಬೈಲಿನ ಮಾತು ನಂಬುತ್ತಿರಲಿಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ಮಾತ್ರೆ ಬಿಟ್ಟ ಮೂರನೇ ವಾರಕ್ಕೆ ಕೀಲುಗಳು ಮತ್ತೆ ಊದಿಕೊಂಡವು. ಯಾರೋ ಒಂದು ಪುಡಿಯ ದಾರಿ ತೋರಿಸಿದರು. ಬೆಳಿಗ್ಗೆ, ರಾತ್ರಿ ಜೇನುತುಪ್ಪದಲ್ಲಿ ಕಲಸಿ ನೆಕ್ಕುವುದು. "ಎರಡೇ ದಿನದಲ್ಲಿ ನೋವು ಮಾಯ ತಂಗಿ" ಎಂದರು ಅಕ್ಕ. ನನಗೆ ಹೆದರಿಕೆ ಹುಟ್ಟಿಸಿದ್ದು ಈ ಮಾತೇ. ಸಂಧಿವಾತದ ನೋವನ್ನು ಎರಡು ದಿನದಲ್ಲಿ ಅಡಗಿಸುವುದು ಸ್ಟೀರಾಯ್ಡ್. ಆ ಪುಡಿಯನ್ನು ಪ್ರಯೋಗಾಲಯಕ್ಕೆ ಕಳಿಸಲು ಆಗಲಿಲ್ಲ, ಆದ್ದರಿಂದ ಅದರಲ್ಲಿ ಇದೇ ಇತ್ತು ಎಂದು ಬರೆಯಲಾರೆ. ಆದರೆ ಅಕ್ಕನ ಮುಖ ಹುಣ್ಣಿಮೆಯ ಚಂದ್ರನ ಹಾಗೆ ಉಬ್ಬಿತ್ತು, ತೋಳಿನ ಚರ್ಮ ತೆಳ್ಳಗಾಗಿ ಅಲ್ಲಲ್ಲಿ ನೀಲಿಗಟ್ಟಿತ್ತು, ನಾನು ಬೆರಳು ಚುಚ್ಚಿ ನೋಡಿದಾಗ ಊಟದ ನಂತರದ ಸಕ್ಕರೆ 286 ಇತ್ತು. ಮೊದಲು ಅವರಿಗೆ ಸಕ್ಕರೆ ಕಾಯಿಲೆ ಇರಲಿಲ್ಲ. ಹೆದರಿಕೆಯಿಂದ ಒಂದು ಮದ್ದು ಬಿಟ್ಟರು, ಅಡ್ಡ ಪರಿಣಾಮವೇ ಇಲ್ಲ ಎಂದು ನಂಬಿ ಇನ್ನೊಂದನ್ನು ಹಿಡಿದರು. ಎರಡನೆಯದು ಆಗಲೇ ಕೆಲಸ ಶುರುಮಾಡಿಬಿಟ್ಟಿತ್ತು.

"ಪುಡಿಯನ್ನು ಇವತ್ತೇ ಬಿಸಾಡುತ್ತೇನೆ" ಎಂದರು. ಬೇಡ ಎಂದೆ. ಸ್ಟೀರಾಯ್ಡ್ ಇದ್ದು, ವಾರಗಟ್ಟಲೆ ತಿಂದು, ಥಟ್ಟನೆ ನಿಲ್ಲಿಸಿದರೆ ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿ ಕೈಕೊಡುತ್ತದೆ; ರಕ್ತದೊತ್ತಡ ಕುಸಿದು ಬೀಳುವುದುಂಟು. ನಾಳೆಯೇ ಆಸ್ಪತ್ರೆಗೆ ಹೋಗುವ, ಪುಡಿಯ ಪೊಟ್ಟಣವನ್ನೂ ಒಯ್ಯುವ ಎಂದು ಒಪ್ಪಿಸಿದೆ.

ಹೊರಡುವ ಮುನ್ನ ಪಲ್ಸ್ ಆಕ್ಸಿಮೀಟರ್ ಹಾಕಿ ನೋಡಿದೆ. ಹೊಗೆಸೊಪ್ಪಿನ ಕಂದು ಕಲೆ ಉಗುರಿಗೆ ಇಳಿದಿತ್ತು, ಬೆರಳು ತಣ್ಣಗಿತ್ತು, ಯಂತ್ರ ಅಂಕಿಯನ್ನೇ ತೋರಿಸಲಿಲ್ಲ. ಕೈ ಉಜ್ಜಿ ಬೆಚ್ಚಗೆ ಮಾಡಿ ಬೇರೆ ಬೆರಳಿಗೆ ಹಾಕಿದಾಗ 95. ನೆಮ್ಮದಿಯ ಅಂಕಿ. ಅಂಗಳದಿಂದ ಬಾವಿಕಟ್ಟೆಗೆ ನಾಲ್ಕು ಸುತ್ತು ನಡೆಸಿ ಮತ್ತೆ ನೋಡಿದರೆ 88. ಕೂತಾಗ ಸರಿಯಿದ್ದು ನಡೆದಾಗ ಆಮ್ಲಜನಕ ಹೀಗೆ ಕುಸಿಯುವುದು ಶೀತ, ನೆಗಡಿಯ ಲಕ್ಷಣವಲ್ಲ.

ಮದ್ದೋ, ರೋಗವೋ, ಸೋಂಕೋ

ಸಂಧಿವಾತದವರಿಗೆ ಕೆಮ್ಮು ಬಂದಾಗ ಕಟಕಟೆಯಲ್ಲಿ ಒಬ್ಬನೇ ಆರೋಪಿ ಇರುವುದಿಲ್ಲ. ರುಮಟಾಯ್ಡ್ ಕಾಯಿಲೆಯೇ ಶ್ವಾಸಕೋಶದ ಗೋಡೆಗಳಿಗೆ ಇಳಿದು ಅವನ್ನು ದಪ್ಪ, ಗಡಸು ಮಾಡಬಲ್ಲುದು; ಕೆಲವರಲ್ಲಿ ಕೀಲಿಗಿಂತ ಮೊದಲೇ ಇಳಿಯುತ್ತದೆ. ರೋಗನಿರೋಧಕ ಶಕ್ತಿ ತಗ್ಗಿಸುವ ಮದ್ದಿನಿಂದ ಕ್ಷಯ ಅಥವಾ ಬೇರೆ ಸೋಂಕು ಒಳಹೊಕ್ಕಿರಬಹುದು. ಹೊಗೆ, ಧೂಳಿನಿಂದ ಶ್ವಾಸನಾಳ ಕೆಟ್ಟಿರಬಹುದು. ಮೆಥೋಟ್ರೆಕ್ಸೇಟ್ ತರುವ ನ್ಯುಮೊನೈಟಿಸ್ ಎಂಬ ಉರಿಯೂತವೂ ಇರಬಹುದು.

ಆ ಉರಿಯೂತ ಎಷ್ಟು ಅಪರೂಪ ಎನ್ನುವುದಕ್ಕೆ ಒಂದು ಒಳ್ಳೆಯ ಲೆಕ್ಕ ಸಿಕ್ಕಿದೆ. ಅಮೆರಿಕ, ಕೆನಡಾದಲ್ಲಿ ಹೃದ್ರೋಗಿಗಳ ಮೇಲೆ ನಡೆದ ಒಂದು ದೊಡ್ಡ ಪ್ರಯೋಗದಲ್ಲಿ ಸುಮಾರು 2400 ಜನರಿಗೆ ವಾರಕ್ಕೊಮ್ಮೆ ಮೆಥೋಟ್ರೆಕ್ಸೇಟ್, ಅಷ್ಟೇ ಜನರಿಗೆ ಔಷಧವಿಲ್ಲದ ಮಾತ್ರೆ ಕೊಟ್ಟಿದ್ದರು. 2020ರಲ್ಲಿ ಪ್ರಕಟವಾದ ಅಡ್ಡ ಪರಿಣಾಮಗಳ ವರದಿಯ ಪ್ರಕಾರ ನ್ಯುಮೊನೈಟಿಸ್ ಶಂಕೆ ಬಂದದ್ದು ಮೊದಲ ಗುಂಪಿನಲ್ಲಿ 7 ಮಂದಿಗೆ, ಎರಡನೆಯದರಲ್ಲಿ ಒಬ್ಬರಿಗೆ. ಅಪಾಯ ಸೊನ್ನೆಯಲ್ಲ, ಆದರೆ ಮೊಬೈಲಿನಲ್ಲಿ ಕೇಳಿಬರುವಷ್ಟೂ ಅಲ್ಲ. ಬರುವುದಾದರೂ ಹೆಚ್ಚಾಗಿ ಮೊದಲ ವರ್ಷದಲ್ಲಿ ಬರುತ್ತದೆ. ಒಣಕೆಮ್ಮು, ಜ್ವರ, ಏದುಸಿರು ಕೆಲವೇ ದಿನ ಅಥವಾ ವಾರಗಳಲ್ಲಿ ಏರುತ್ತವೆ. ಅಂಥ ಲಕ್ಷಣ ಕಂಡರೆ ಮುಂದಿನ ಮಾತ್ರೆ ನುಂಗದೆ ಅಂದೇ ವೈದ್ಯರ ಬಳಿ ಓಡಬೇಕು. ಅಕ್ಕ ಮಾಡಿದ ತಪ್ಪು ಮಾತ್ರೆ ನಿಲ್ಲಿಸಿದ್ದಲ್ಲ. ನಿಲ್ಲಿಸಿದ ಮೇಲೆ ಹನ್ನೊಂದು ವಾರ ಯಾರಿಗೂ ಹೇಳದೆ ಇದ್ದದ್ದು.

ನಡುವೆ ಇನ್ನೊಂದು ಮಾತು ಹೇಳಲೇಬೇಕು, ಏಕೆಂದರೆ ನನ್ನ ಕೌಂಟರಿನಲ್ಲಿ ಅದು ಎರಡು ಸಲ ಎದುರಾಗಿದೆ. ಮೆಥೋಟ್ರೆಕ್ಸೇಟ್ ತಿನ್ನುವವರಿಗೆ ಕೆಮ್ಮು, ಮೂತ್ರದ ಉರಿ ಎಂದು ಕೋಟ್ರೈಮಾಕ್ಸಜೋಲ್ ಎಂಬ ಆ್ಯಂಟಿಬಯಾಟಿಕ್ ಬರೆದುಕೊಟ್ಟ ಚೀಟಿ ಬರುತ್ತದೆ. ಎರಡೂ ಸೇರಿದರೆ ರಕ್ತಕಣಗಳು ಪಾತಾಳಕ್ಕಿಳಿಯುತ್ತವೆ. ಅಕ್ಕನಿಗೂ ಜುಲೈಯಲ್ಲಿ ಒಬ್ಬರು ಅದನ್ನೇ ಬರೆದಿದ್ದರು. ಫೋನ್ ಮಾಡಿ ಬದಲಿಸಿಕೊಂಡಿದ್ದೆ. ಯಾವ ಕಾಯಿಲೆಗೆ ಯಾವ ವೈದ್ಯರ ಬಳಿ ಹೋದರೂ ಮೊದಲು ಹೇಳಬೇಕಾದದ್ದು ಭಾನುವಾರದ ಮಾತ್ರೆಯ ಹೆಸರು.

ದೊಡ್ಡ ಆಸ್ಪತ್ರೆಯಲ್ಲಿ ಶ್ವಾಸಕೋಶ ತಜ್ಞರು ಅಕ್ಕನ ಬೆನ್ನಿನ ಕೆಳಭಾಗಕ್ಕೆ ಸ್ಟೆಥಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಆಮೇಲೆ ನನ್ನ ಕಿವಿಗೂ ಕೊಟ್ಟರು. ಪ್ರತಿ ಸಲ ಉಸಿರು ಒಳಗೆಳೆದಾಗಲೂ ಕೊನೆಯಲ್ಲಿ ಚರಚರ ಸದ್ದು. ಶಾಲೆಯ ಚೀಲದ ಅಂಟುಪಟ್ಟಿ ಬಿಡಿಸಿದ ಹಾಗೆ. ಕಫವನ್ನು ಕ್ಷಯದ ಸಿಬಿನ್ಯಾಟ್ ಪರೀಕ್ಷೆಗೆ ಕಳಿಸಿದರು, ಕ್ಷಯ ಇಲ್ಲ ಎಂದು ಬಂತು. ಎಚ್‌ಆರ್‌ಸಿಟಿ ಸ್ಕ್ಯಾನ್‌ನಲ್ಲಿ ಎರಡೂ ಶ್ವಾಸಕೋಶಗಳ ತಳದಲ್ಲಿ, ಅಂಚಿಗೆ ಹತ್ತಿಕೊಂಡು, ಜೇನುಗೂಡಿನಂಥ ಸಣ್ಣ ಕುಳಿಗಳ ಸಾಲು. ಉಸಿರಾಟದ ಸಾಮರ್ಥ್ಯ ಪರೀಕ್ಷೆಯಲ್ಲಿ ಎಫ್‌ವಿಸಿ, ಅಂದರೆ ಪೂರ್ತಿ ಎಳೆದ ಉಸಿರನ್ನು ಜೋರಾಗಿ ಹೊರಹಾಕುವ ಅಳತೆ, ಇರಬೇಕಾದದ್ದರ ಶೇ 64. ಆಮ್ಲಜನಕ ರಕ್ತಕ್ಕೆ ದಾಟುವ ಶಕ್ತಿ ಶೇ 45.

ಜೇನುಗೂಡಿನ ಕುಳಿಗಳು ಒಂದು ಮಳೆಗಾಲದಲ್ಲಿ ಆಗುವಂಥವಲ್ಲ, ಅದಕ್ಕೆ ವರ್ಷಗಳು ಬೇಕು. ಆದರೆ ಎಷ್ಟು ವರ್ಷ? ಮಾತ್ರೆ ಶುರುವಾಗುವ ಮೊದಲೇ ಇತ್ತೇ, ಆಮೇಲೆ ಬಂತೇ? "ಹಳೆಯ ಎಕ್ಸ್‌ರೇ ಯಾವುದಾದರೂ ಇದೆಯೇ?" ಎಂದು ವೈದ್ಯರು ಕೇಳಿದಾಗ ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು.

ಕಪಾಟಿನ ಹಿಂದಿನ ಫಿಲ್ಮ್

ಅಕ್ಕನಿಗೆ ನೆನಪಾದದ್ದು ಬಸ್ಸಿನಲ್ಲಿ. 2019ರಲ್ಲಿ ಗರ್ಭಕೋಶ ತೆಗೆಸಿದ್ದರು. ಅರಿವಳಿಕೆ ಕೊಡುವ ಮೊದಲು ಎದೆಯ ಫೋಟೊ ತೆಗೆದಿದ್ದರು. ಮನೆಗೆ ಹೋಗಿ ಉಕ್ಕಿನ ಕಪಾಟನ್ನು ಇಬ್ಬರೂ ಸೇರಿ ಒಂದು ಮೊಳ ಮುಂದಕ್ಕೆಳೆದೆವು. ಹಿಂದೆ ಗೋಡೆಗೆ ಆತುಕೊಂಡು ಹಳೆಯ ಕ್ಯಾಲೆಂಡರುಗಳ ಸುರುಳಿ, ಅದರೊಳಗೆ ಆ ದೊಡ್ಡ ಲಕೋಟೆ. ನಮ್ಮ ಕರಾವಳಿಯ ತೇವಕ್ಕೆ ಫಿಲ್ಮ್‌ನ ಒಂದು ಮೂಲೆ ಲಕೋಟೆಗೆ ಅಂಟಿತ್ತು, ಮೇಲಿನ ಅಂಚಿಗೆ ಬೂಷ್ಟು ಬಂದಿತ್ತು. ನಾನು ಉಗುರಿನಿಂದ ಮೆಲ್ಲಗೆ ಬಿಡಿಸಿ ಕಿಟಕಿಯ ಬೆಳಕಿಗೆ ಹಿಡಿದೆ. ನನಗೆ ಎಕ್ಸ್‌ರೇ ಓದಲು ಬಾರದು. ಲಕೋಟೆಯೊಳಗಿನ ವರದಿಯನ್ನು ಓದಬಲ್ಲೆ. ಎರಡೂ ಬದಿಯ ಕೆಳಭಾಗದಲ್ಲಿ ಗೆರೆಗಳು ಹೆಚ್ಚಾಗಿ ಕಾಣುತ್ತಿವೆ, ಮುಂದೆ ಪರೀಕ್ಷಿಸುವುದು ಒಳ್ಳೆಯದು ಎಂದು ಒಂದು ಸಾಲು ಇತ್ತು. ಐದು ವರ್ಷ ಅದನ್ನು ಯಾರೂ ಓದಿರಲಿಲ್ಲ. ಶಸ್ತ್ರಚಿಕಿತ್ಸೆ ಆಯಿತು, ಲಕೋಟೆ ಕಪಾಟಿನ ಹಿಂದೆ ಸೇರಿತು.

ಆ ಫಿಲ್ಮ್ ತೆಗೆದಾಗ ಅಕ್ಕ ಒಂದು ಮಾತ್ರೆ ಮೆಥೋಟ್ರೆಕ್ಸೇಟನ್ನೂ ನುಂಗಿರಲಿಲ್ಲ.

ಮುಂದಿನ ವಾರ ಶ್ವಾಸಕೋಶ ತಜ್ಞರು ಮತ್ತು ಸಂಧಿವಾತ ತಜ್ಞರು ಎರಡು ಚಿತ್ರಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ತೀರ್ಮಾನಕ್ಕೆ ಬರಲು ಫಿಲ್ಮ್ ಒಂದೇ ಆಧಾರವಾಗಿರಲಿಲ್ಲ. ಮಾತ್ರೆ ಹಿಡಿದು ಮೂರು ವರ್ಷ ದಾಟಿದ ಮೇಲೆ ಕೆಮ್ಮು ಬಂದಿದೆ, ಜ್ವರವಿಲ್ಲದೆ ನಿಧಾನವಾಗಿ ಏರಿದೆ, ಮಾತ್ರೆ ಬಿಟ್ಟು ಹನ್ನೊಂದು ವಾರವಾದರೂ ಇಳಿದಿಲ್ಲ, ಸ್ಕ್ಯಾನ್‌ನಲ್ಲಿ ಹಳೆಯ ಗಾಯದ ಗುರುತುಗಳೇ ಹೆಚ್ಚು. ಎಲ್ಲವೂ ಒಂದೇ ಕಡೆ ಬೆರಳು ಮಾಡುತ್ತಿದ್ದವು. ಶ್ವಾಸಕೋಶಕ್ಕೆ ಇಳಿದದ್ದು ಸಂಧಿವಾತವೇ. ಅಕ್ಕ ಉಸಿರು ಉಳಿಸಿಕೊಳ್ಳಲು ಬಿಟ್ಟ ಮಾತ್ರೆ ಆ ಉಸಿರನ್ನು ಕಸಿದಿರಲಿಲ್ಲ.

ಹಾಗಾದರೆ ಮತ್ತೆ ಅದೇ ಮಾತ್ರೆ ಕೊಡಬಹುದಲ್ಲವೇ ಎಂದು ಕೇಳಿದೆ. ಸಂಧಿವಾತ ತಜ್ಞರಿಗೆ ಆ ಮನಸ್ಸಿತ್ತು. ಶ್ವಾಸಕೋಶ ತಜ್ಞರು ಒಪ್ಪಲಿಲ್ಲ. ಅವರ ವಾದ ನನಗೆ ಹಿಡಿಸಿತು: ಮೆಥೋಟ್ರೆಕ್ಸೇಟ್‌ನ ಉರಿಯೂತ ಬರುವ ಸಂಭವ ಬಹಳ ಕಡಿಮೆ ನಿಜ, ಆದರೆ ಒಂದು ವೇಳೆ ಬಂದರೆ ಅದನ್ನು ತಾಳಿಕೊಳ್ಳುವಷ್ಟು ಉಸಿರಿನ ದಾಸ್ತಾನು ಇವರ ಬಳಿ ಇಲ್ಲ. ಗಟ್ಟಿ ಶ್ವಾಸಕೋಶದವರಿಗೆ ಧೈರ್ಯವಾಗಿ ಕೊಡುವ ಮಾತ್ರೆಯನ್ನೇ ಇವರಿಗೆ ಕೊಡಲು ಯೋಚಿಸಬೇಕಾಗುತ್ತದೆ.

ಉಳಿದ ದಾರಿಗಳನ್ನು ಒಂದೊಂದಾಗಿ ತೂಗಿದರು. ಲೆಫ್ಲುನೊಮೈಡ್ ಅಗ್ಗ, ಆದರೆ ಜಪಾನಿನಲ್ಲಿ 2003ರಲ್ಲಿ ಅದು ಬಂದ ಮೇಲೆ, ಮೊದಲೇ ಶ್ವಾಸಕೋಶ ಗಡಸಾದವರಲ್ಲಿ ಸಾವುಗಳು ವರದಿಯಾದವು. ಮೇಲಾಗಿ ದೇಹದಿಂದ ಹೊರಹೋಗಲು ಅದಕ್ಕೆ ಬಹಳ ಕಾಲ ಬೇಕು. ಉರಿಯೂತ ಹೆಚ್ಚಿಸುವ ಟಿಎನ್‌ಎಫ್ ಎಂಬ ಪ್ರೋಟೀನನ್ನು ತಡೆಯುವ ಅಡಲಿಮುಮ್ಯಾಬ್‌ನಂಥ ಚುಚ್ಚುಮದ್ದುಗಳು ಮಲಗಿದ ಕ್ಷಯವನ್ನು ಎಬ್ಬಿಸಬಲ್ಲವು, ಶ್ವಾಸಕೋಶ ಇನ್ನಷ್ಟು ಕೆಟ್ಟ ವರದಿಗಳೂ ಇವೆ. ಟೊಫಾಸಿಟಿನಿಬ್ ಮಾತ್ರೆಯನ್ನು ಅಕ್ಕನೇ ಕೇಳಿದರು, ನುಂಗುವುದು ಸುಲಭವೆಂದು. ಹೃದಯಾಘಾತ, ರಕ್ತ ಹೆಪ್ಪುಗಟ್ಟುವಿಕೆ, ಕ್ಯಾನ್ಸರ್ ಬಗ್ಗೆ ಅಮೆರಿಕದ ಔಷಧ ನಿಯಂತ್ರಕರು 2021ರಲ್ಲಿ ಅದಕ್ಕೆ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿಸಿದ್ದಾರೆ. ಸಕ್ಕರೆ ಏರಿದ ಐವತ್ತು ದಾಟಿದವರಿಗೆ ಮೊದಲ ಆಯ್ಕೆಯಾಗಿ ಅದು ಬೇಡ ಎಂದರು. ಹೈಡ್ರಾಕ್ಸಿಕ್ಲೋರೋಕ್ವಿನ್ ಶ್ವಾಸಕೋಶದ ತಂಟೆಗೆ ಹೋಗುವುದು ತೀರಾ ಕಡಿಮೆ, ಅದು ಮುಂದುವರಿಯಲಿ, ವರ್ಷಕ್ಕೊಮ್ಮೆ ಕಣ್ಣಿನ ರೆಟಿನಾ ಪರೀಕ್ಷೆ ಆಗಲಿ ಎಂದಾಯಿತು. ಕೊನೆಗೆ ನಿಂತದ್ದು ರಿಟುಕ್ಸಿಮ್ಯಾಬ್: ಎರಡು ವಾರದ ಅಂತರದಲ್ಲಿ ಒಂದೊಂದು ಗ್ರಾಂ ಡ್ರಿಪ್, ಆರು ತಿಂಗಳ ಸುಮಾರಿಗೆ ಮತ್ತೆ ನೋಡುವುದು.

ಅದಕ್ಕೂ ಅಡ್ಡ ಪರಿಣಾಮ ಇದೆ, ಸೋಂಕಿನ ಭಯ ಇದೆ. ಆದರೆ ಈ ಸಲ ವೈದ್ಯರು ಎಲ್ಲವನ್ನೂ ಮೊದಲೇ ಹೇಳಿದರು, ಅಕ್ಕನಿಂದಲೂ ಮರಳಿ ಹೇಳಿಸಿದರು. ಒಳಗೆ ಹೆಪಟೈಟಿಸ್ ಬಿ ಅಡಗಿದ್ದರೆ ಈ ಮದ್ದು ಅದನ್ನು ಕೆರಳಿಸುತ್ತದೆ, ಆದ್ದರಿಂದ ಆ ರಕ್ತಪರೀಕ್ಷೆ ಮೊದಲು. ಡ್ರಿಪ್ ಆದ ಮೇಲೆ ಲಸಿಕೆ ಸರಿಯಾಗಿ ಹಿಡಿಯುವುದಿಲ್ಲ, ಆದ್ದರಿಂದ ನ್ಯುಮೊಕೊಕಲ್ ಮತ್ತು ಫ್ಲೂ ಲಸಿಕೆ ನಾಲ್ಕು ವಾರ ಮುಂಚೆ. ಪುಡಿಯ ಬದಲಿಗೆ ಅಳತೆಯ ಪ್ರೆಡ್ನಿಸೊಲೋನ್ ಕೊಟ್ಟು ವಾರವಾರ ಇಳಿಸುತ್ತ ಬಂದರು. ಸಕ್ಕರೆ ಅದರ ಜತೆಗೇ ಇಳಿಯಿತು. ಡ್ರಿಪ್‌ನ ಹಣಕ್ಕೆ ಸ್ವಸಹಾಯ ಸಂಘದಿಂದ ಸಾಲ ತೆಗೆದರು, ಉಳಿದದ್ದನ್ನು ಮುಂಬೈಯಲ್ಲಿರುವ ಮಗ ಕಳಿಸಿದ. ಮದ್ದಿನ ಅಡ್ಡ ಪರಿಣಾಮಗಳಲ್ಲಿ ಸಾಲವನ್ನೂ ಸೇರಿಸಿ ಹೇಳಬೇಕು ಎಂದು ನನಗೆ ಅನ್ನಿಸುತ್ತದೆ, ಏಕೆಂದರೆ ಅದಕ್ಕೆ ಹೆದರಿಯೂ ಜನ ಚಿಕಿತ್ಸೆ ಬಿಡುತ್ತಾರೆ.

ಶ್ವಾಸಕೋಶ ಮತ್ತೂ ಗಡಸಾಗುತ್ತ ಹೋದರೆ ನಿಂಟೆಡನಿಬ್ ಎಂಬ ಮಾತ್ರೆ ಇದೆ, ಈಗಲೇ ಬೇಡ ಎಂದು ಹಿಂದಿಟ್ಟರು. ಅದಕ್ಕೆ ಭೇದಿಯ ಕಾಟ ಹೆಚ್ಚು, ಯಕೃತ್ತನ್ನೂ ಗಮನಿಸುತ್ತಿರಬೇಕು.

ಬೀಡಿ ಕಟ್ಟುವುದನ್ನು ಬಿಡಬೇಕು ಎಂದಾಗ ಮಾತ್ರ ಅಕ್ಕ ಅತ್ತರು. ಬಚ್ಚಲಿಗೆ ಗೀಸರ್ ಹಾಕಿಸುತ್ತೇನೆ, ಬಾವಿಗೆ ಪಂಪು ಇಡಿಸುತ್ತೇನೆ, ಮೊರ ಒಂದನ್ನು ಕೇಳಬೇಡಿ ಎಂದರು. ನಲವತ್ತೊಂದು ವರ್ಷ ಸ್ವಂತ ದುಡಿಮೆಯ ಕಾಸನ್ನು ಸೆರಗಿನ ತುದಿಗೆ ಕಟ್ಟಿಕೊಂಡವರಿಗೆ ಆ ಮಾತು ಎಷ್ಟು ಭಾರವೆಂದು ನಾವು ಯಾರೂ ಯೋಚಿಸಿರಲಿಲ್ಲ. ವೈದ್ಯರೂ ಸ್ವಲ್ಪ ಹೊತ್ತು ಪೆನ್ನು ಕೆಳಗಿಟ್ಟರು.

ಈಗ

2025ರ ಜನವರಿಯಲ್ಲಿ ಮೊದಲ ಎರಡು ಡ್ರಿಪ್ ಆದವು. ಮಾರ್ಚ್ ಹೊತ್ತಿಗೆ ಬೆಳಗಿನ ಬಿಗಿತ ಇಪ್ಪತ್ತು ನಿಮಿಷಕ್ಕಿಳಿಯಿತು. ಜುಲೈಯಲ್ಲಿ ಉಸಿರಾಟದ ಪರೀಕ್ಷೆ ಮಾಡಿಸಿದಾಗ ಎಫ್‌ವಿಸಿ ಶೇ 66, ಆಮ್ಲಜನಕ ದಾಟುವ ಶಕ್ತಿ ಶೇ 46. ಏರಿಕೆ ಎಂದು ಹಿಗ್ಗುವ ಅಂಕಿಯಲ್ಲ, ಇಳಿದಿಲ್ಲ ಎನ್ನುವುದೇ ಇಲ್ಲಿ ದೊಡ್ಡದು. ಕಳೆದುಕೊಂಡ ಭಾಗ ಮರಳಿ ಬರುವುದಿಲ್ಲ. ಕೆಮ್ಮು ಪೂರ್ತಿ ಹೋಗಿಲ್ಲ, ಏರು ಹತ್ತುವಾಗ ಈಗಲೂ ನಿಂತು ನಿಂತು ಹತ್ತುತ್ತಾರೆ. ಎರಡನೇ ಸುತ್ತಿನ ಡ್ರಿಪ್‌ಗೆ ಮೊದಲು ರಕ್ತದಲ್ಲಿ ಸೋಂಕಿನೊಡನೆ ಹೋರಾಡುವ ಇಮ್ಯುನೊಗ್ಲೋಬುಲಿನ್ ಎಷ್ಟಿದೆ ಎಂದು ನೋಡಿದರು, ಮಳೆಗಾಲದ ಜ್ವರದ ಹಾವಳಿ ತಗ್ಗಲಿ ಎಂದು ಸೆಪ್ಟೆಂಬರಿಗೆ ಮುಂದೂಡಿದರು.

ನನ್ನ ಅಂಗಡಿಯಲ್ಲಿ ಒಂದು ಬದಲಾವಣೆ ಆಗಿದೆ. ಮೆಥೋಟ್ರೆಕ್ಸೇಟ್‌ನ ಮೊದಲ ಚೀಟಿ ಬಂದ ದಿನವೇ ಎದೆಯ ಎಕ್ಸ್‌ರೇ ಆಗಿದೆಯೇ ಎಂದು ಕೇಳುತ್ತೇನೆ. ಆಗಿರದಿದ್ದರೆ ವೈದ್ಯರಿಗೆ ಫೋನ್ ಮಾಡುತ್ತೇನೆ. ಆಗಿದ್ದರೆ ಅದನ್ನು ಎಲ್ಲಿಟ್ಟಿದ್ದೀರಿ ಎಂದೂ ಕೇಳುತ್ತೇನೆ. ಕೆಲವರಿಗೆ ಕಿರಿಕಿರಿ ಎನ್ನಿಸುತ್ತದೆ, ಎನ್ನಿಸಲಿ.

ಅಕ್ಕನ ಮನೆಯ ಜಗಲಿಯಲ್ಲಿ ಮೊರ ಈಗಲೂ ಇದೆ, ಅದರಲ್ಲಿ ಹೊಗೆಸೊಪ್ಪು ಇಲ್ಲ. ಶಂಕರಪುರದ ಕಡೆಯಿಂದ ಮಲ್ಲಿಗೆ ಮೊಗ್ಗು ಬರುತ್ತದೆ. ಬಾಳೆನಾರಿನಲ್ಲಿ ಮೊಗ್ಗು ಮೊಗ್ಗನ್ನು ಹಿಡಿದು ಕಟ್ಟುವುದು ಬೀಡಿಯ ತುದಿ ಮಡಚುವಷ್ಟೇ ಸೂಕ್ಷ್ಮ ಕೆಲಸ. ಒಂದು ಚೆಂಡು ಎಂದರೆ 800 ಹೂ. ಮೊದಲ ವಾರ ಅರ್ಧ ಚೆಂಡು ಮುಗಿಸಲು ಮಧ್ಯಾಹ್ನವಾಗುತ್ತಿತ್ತಂತೆ. ಮೊನ್ನೆ ನಾನು ಹೋದಾಗ ಬೆಳಗಿನ ಹತ್ತು ಗಂಟೆ. ಎರಡನೇ ಚೆಂಡು ಮುಗಿಯುತ್ತ ಬಂದಿತ್ತು.